ಕೋಟು ತೊಟ್ಟವರ ಗುರಿಪರೀಕ್ಷೆ

ಲೋಕದಲ್ಲಿ ಕುರ್ಚಿಗಾಗಿ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. ಸಾಮ್ರಾಜ್ಯಗಳು ಉರುಳಿವೆ, ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಾಡಿಗೆ ಅಟ್ಟಿದ್ದಾರೆ. ಆ ಸಾಲಿನಲ್ಲಿಟ್ಟು ನೋಡಬೇಕಾದ ಇನ್ನೊಂದು ಕುರ್ಚಿ ಒಕ್ಲಹೋಮದ ಸೋರ್ಗಮ್ ಬೆಂಡ್ ಎಂಬ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಬಾಗಿಲ ಎಡಪಕ್ಕದಲ್ಲಿದೆ. ಮಡಚುವ ಕಬ್ಬಿಣದ ಕುರ್ಚಿ. ಮೇಲೆ ಯಾರೋ ಪುಣ್ಯಾತ್ಗಿತ್ತಿ ಹೊಲಿದುಕೊಟ್ಟ ಕಂದು ದಿಂಬು. ಅಲ್ಲಿ ಕೂತವನಿಗೆ ಬಾಗಿಲು ಕಾಣುತ್ತದೆ, ಕಿಟಕಿಯಾಚೆ ಕಾರು ನಿಲ್ಲಿಸುವ ಅಂಗಳ ಕಾಣುತ್ತದೆ, ಇಡೀ ಸಭೆಯ ಹಿಂದಲೆಗಳು ಕಾಣುತ್ತವೆ. ಪ್ರಸಂಗದ ನಡುವೆ ಯಾರು ತೂಕಡಿಸುತ್ತಾರೆ, ಕಾಣಿಕೆಯ ತಟ್ಟೆ ಬಂದಾಗ ಯಾರು ಬಗ್ಗಿ ಬೂಟಿನ ದಾರ ಬಿಗಿದುಕೊಳ್ಳುತ್ತಾರೆ ಎಂಬುದೆಲ್ಲ ಪಾದ್ರಿಗಿಂತ ಮೊದಲು ಆ ಕುರ್ಚಿಗೇ ತಿಳಿಯುವುದು.

ಹನ್ನೊಂದು ವರ್ಷಗಳಿಂದ ಅದರ ಮೇಲೆ ಕೂರುತ್ತಿದ್ದವನು ಡೆಲ್ಬರ್ಟ್ ಸ್ಟ್ರೌಡ್. ದುಡಿಮೆಯ ಕಾಲದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದವನು, ಈಗ ಎಪ್ಪತ್ತು ದಾಟಿದೆ, ಕೈಗಳು ಮಾತ್ರ ಇನ್ನೂ ಸಲಿಕೆಯಂತಿವೆ. ಬೇರೆ ಊರುಗಳ ಪ್ರಾರ್ಥನಾಮಂದಿರಗಳಲ್ಲಿ ಹುಚ್ಚರು ನುಗ್ಗಿ ಗುಂಡು ಹಾರಿಸಿದ ಸುದ್ದಿಗಳು ಬರತೊಡಗಿದಾಗ ಇಲ್ಲಿಯ ಗಂಡಸರು ನಾಲ್ಕೈದು ಮಂದಿ ಸೇರಿ ಕಾವಲುಪಡೆ ಕಟ್ಟಿಕೊಂಡರು. ಡೆಲ್ಬರ್ಟ್ ಆಗ ಒಂದು ಪಿಸ್ತೂಲು ಕೊಂಡ. ಕೊಂಡ ವಾರ ಮನಸಾರೆ ಗುಂಡು ಹಾರಿಸಿದ. ಆಮೇಲೆ ಪ್ರತಿ ಭಾನುವಾರ ಅದನ್ನು ಬಲಸೊಂಟದ ಒರೆಯಲ್ಲಿ ಸಿಕ್ಕಿಸಿ, ಮೇಲೆ ಬೂದು ಕೋಟು ತೊಟ್ಟು, ಕುರ್ಚಿಯಲ್ಲಿ ಕೂತು ಪೆಪ್ಪರ್‌ಮಿಂಟು ಚೀಪಿದ. ವರ್ಷಕ್ಕೊಮ್ಮೆ, ಜುಲೈ ನಾಲ್ಕರ ಹಬ್ಬದ ದಿನ, ಗೆಳೆಯ ವೆಲ್ಡನ್‌ನ ಕೆರೆಯ ಬಳಿ ಖಾಲಿ ಡಬ್ಬಿಗಳಿಗೆ ಗುರಿಯಿಡುತ್ತಿದ್ದ. ಪಿಸ್ತೂಲಿನೊಡನೆ ಅವನ ಸಂಬಂಧ ಇಷ್ಟೇ. ಕೆಲವರಿಗೆ ದೇವರೊಡನೆ ಇರುವುದೂ ಇಷ್ಟೇ, ಅದಿರಲಿ.

ಆ ಸೆಪ್ಟೆಂಬರಿನಲ್ಲಿ ಪಡೆಯ ಹಿರಿತನ ನೇಡೀನ್ ಟ್ಯಾಕೆಟ್‌ಳ ಪಾಲಿಗೆ ಬಂತು. ಜಿಲ್ಲಾ ಜೈಲಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಾವಲುಗಾರ್ತಿಯಾಗಿದ್ದು ನಿವೃತ್ತಳಾದವಳು. ಬುಧವಾರದ ಸಂಜೆ ಚರ್ಚಿನ ಊಟ ಮುಗಿದು, ಕರಿದ ಮೀನಿನ ತಟ್ಟೆಗಳು ಖಾಲಿಯಾಗಿ, ಪೀಚ್ ಹಣ್ಣಿನ ಸಿಹಿ ಹಂಚುತ್ತಿದ್ದ ಹೊತ್ತಿಗೆ ಅವಳು ಎದ್ದು ನಿಂತಳು.

"ಇನ್ನು ಮೇಲೆ ಮೂರು ತಿಂಗಳಿಗೊಂದು ಪರೀಕ್ಷೆ. ಏಳು ಗಜ ದೂರ, ಕಾಗದದ ಗುರಿ, ಒರೆಯಿಂದ ತೆಗೆದು ಎರಡು ಗುಂಡು. ಪಾಸಾದವರು ಕಾವಲಿಗೆ, ಆಗದವರು ಬೆಂಚಿಗೆ. ಇನ್ನೊಂದ್ ಮಾತು, ಭಾನುವಾರ ಚರ್ಚಿಗೆ ಏನು ಹಾಕ್ಕೊಂಡು ಬರ್ತೀರೋ ಅದನ್ನೇ ಹಾಕ್ಕೊಂಡು ಬರ್ಬೇಕು. ಕೋಟು, ಟೈ, ಬೂಟು, ಎಲ್ಲಾ."

"ಹೂಗುಚ್ಛಾನೂ ತರ್ಬೇಕಾ?" ಎಂದ ವೆಲ್ಡನ್ ಪ್ಯೂ. ಅವನು ಊರಿಗೆಲ್ಲ ಗ್ಯಾಸ್ ಸಿಲಿಂಡರ್ ಮಾರುವವನು. ಮಾತಿಗೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

"ಅಮ್ಮಾ ನೇಡೀನ್," ಎಂದ ಡೆಲ್ಬರ್ಟ್, ಸಿಹಿಯ ಬಟ್ಟಲಿನಿಂದ ಕಣ್ಣೆತ್ತದೆ, "ನೀನು ಹುಟ್ಟೋಕೆ ಮುಂಚೆ ನಾನು ಅಳಿಲು ಹೊಡೀತಿದ್ದೆ. ಈಜು ಕಲ್ತೋನು ಈಜು ಮರೀತಾನೇನಮ್ಮಾ?"

"ಮರೆಯಲ್ಲ ಬ್ರದರ್ ಡೆಲ್ಬರ್ಟ್. ಆದ್ರೆ ಕೋಟು ಹಾಕ್ಕೊಂಡು ಈಜಿದ್ದೀರಾ?"

ಜನ ನಕ್ಕರು. ಡೆಲ್ಬರ್ಟನೂ ನಕ್ಕ, ಉಳಿದವರಿಗಿಂತ ತುಸು ತಡವಾಗಿ.

ಹಾಗೆಂದು ಅವನು ಪರೀಕ್ಷೆಯನ್ನು ತೀರ ಅಲಕ್ಷ್ಯ ಮಾಡಿದನೆನ್ನಲಾಗದು. ಒಂದು ಮಧ್ಯಾಹ್ನ ಜಲ್ಲಿ ಅಗೆದು ಬಿಟ್ಟ ಹಳ್ಳಕ್ಕೆ ಹೋದ. ತೋಟದ ಕೆಲಸದ ಜೀನ್ಸು, ಅಂಗಿಯನ್ನು ಒಳಗೆ ಸಿಕ್ಕಿಸಿ ಒರೆ ಹೊರಗೆ ಕಾಣುವಂತೆ. ಕಾಲು ಅಗಲಿಸಿ ನಿಂತು, ಪಿಸ್ತೂಲು ಮೊದಲೇ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಡಬ್ಬಿಯನ್ನು ನಿಧಾನವಾಗಿ ಉರುಳಿಸಿದ. ಹೆಚ್ಚಿನವು ಬಿದ್ದವು. ಮನೆಗೆ ಬಂದು ಹೆಂಡತಿ ಆರ್ಫಾಳ ಮುಂದೆ, "ಕೈಗೆ ವಯಸ್ಸಾಗಲ್ಲ ಕಣೇ," ಎಂದ.

ಆರ್ಫಾ ಅವರೆಕಾಯಿ ಬಿಡಿಸುತ್ತಿದ್ದಳು. "ಕೋಟು ಹಾಕ್ಕೊಂಡು ಹೊಡೆದ್ಯಾ?"

"ಡಬ್ಬಿ ಹೊಡೆಯೋಕೆ ಯಾರಾದ್ರೂ ಕೋಟು ಹಾಕ್ತಾರಾ? ಡಬ್ಬಿ ಏನು ಮದುವೆ ಹೆಣ್ಣಾ?"

"ನೇಡೀನ್ ಹಾಕ್ಕೊಂಡ್ ಬಾ ಅಂದಿದ್ದಾಳೆ."

"ನೇಡೀನ್ ಜೈಲಲ್ಲಿದ್ದೋಳು. ಅವಳಿಗೆ ಎಲ್ಲರೂ ಕೈದಿಗಳ ಥರ ಕಾಣ್ತಾರೆ."

ಶನಿವಾರ ಬೆಳಿಗ್ಗೆ ಗುರಿಯಭ್ಯಾಸದ ಮೈದಾನದ ಕೆಂಪು ಧೂಳಿನಲ್ಲಿ ಐದು ಮಂದಿ ಸೂಟು ಬೂಟಿನಲ್ಲಿ ಸಾಲಾಗಿ ನಿಂತಿದ್ದರು. ದಾರಿ ತಪ್ಪಿದ ದಿಬ್ಬಣದಂತಿತ್ತು. ವೆಲ್ಡನ್‌ನ ಟೈ ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅವನು ಅದನ್ನು ಅಂಗಿಯೊಳಗೆ ತುರುಕಿಕೊಂಡು, ಮುಕ್ಕರಿಯುತ್ತ, ಹೇಗೋ ಪಾಸಾದ.

ಡೆಲ್ಬರ್ಟನ ಸರದಿ ಬಂತು. ನೇಡೀನಳ ಕೈಯಲ್ಲಿದ್ದ, ಹೊತ್ತು ಅಳೆಯುವ ಯಂತ್ರ ಪೀಂ ಎಂದಿತು. ಡೆಲ್ಬರ್ಟನ ಬಲಗೈ ಸೊಂಟಕ್ಕೆ ಇಳಿಯಿತು, ಕೋಟನ್ನು ಸರಿಸಿತು, ಪಿಸ್ತೂಲಿನ ಹಿಡಿಯನ್ನು ಹಿಡಿಯಿತು, ಜೊತೆಗೆ ಕೋಟಿನ ಅಸ್ತರಿಯನ್ನೂ ಹಿಡಿಯಿತು. ಎಳೆದರೆ ಪಿಸ್ತೂಲಿನ ಜೊತೆ ಅರ್ಧ ಕೋಟೂ ಮೇಲೆ ಬಂತು. ಕೊಡವಿದ. ಕೊಡವುವಾಗ ಪಿಸ್ತೂಲಿನ ಮೂತಿ ಅವನ ತೊಡೆಯ ಮೇಲೆ ಹಾದು, ಪಕ್ಕದಲ್ಲಿ ನಿಂತ ವೆಲ್ಡನ್‌ನ ಬೂಟಿನ ಕಡೆ ಒಮ್ಮೆ ನೋಡಿ ಬಂತು.

"ನಿಲ್ಲಿಸಿ!" ಎಂದಳು ನೇಡೀನ್. ಅದು ಜೈಲಿನ ದನಿ. ಮೈದಾನದಾಚೆ ಮೇಯುತ್ತಿದ್ದ ದನಗಳೂ ತಲೆಯೆತ್ತಿದವು.

ಎರಡನೆಯ ಸಲ ಪಿಸ್ತೂಲು ಹೊರಗೆ ಬಂತು, ಗುರಿಯ ಕಡೆಗೂ ಹೋಯಿತು. ಟ್ರಿಗರ್ ಎಳೆದ. ಏನೂ ಆಗಲಿಲ್ಲ. ಇನ್ನೂ ಬಲವಾಗಿ ಎಳೆದ. ಸೇಫ್ಟಿಯ ಕೀಲು ಕೆಳಗಿಳಿಸುವುದನ್ನು ಹೆಬ್ಬೆರಳು ಮರೆತಿತ್ತು.

ಮೂರನೆಯ ಸಲ ಎರಡೂ ಗುಂಡು ಹಾರಿದವು. ಒಂದು ಕಾಗದದ ಅಂಚಿಗೆ ತಾಗಿತ್ತು, ಇನ್ನೊಂದರ ಗುರುತೇ ಇರಲಿಲ್ಲ.

ಉಳಿದವರು ನೀರು ಕುಡಿಯುವ ನೆಪದಲ್ಲಿ ದೂರ ಹೋದರು. ನೇಡೀನ್ ಅವನನ್ನು ಗುರಿಯವರೆಗೆ ಕರೆದುಕೊಂಡು ಹೋದಳು.

"ಬ್ರದರ್ ಡೆಲ್ಬರ್ಟ್, ಚರ್ಚಿನೊಳಗೆ ಗನ್ನು ಹಿಡಿದು ಬಂದೋನು ನಿಮ್ಮನ್ನ ದಾಟಿ ಬೆಂಚುಗಳ ನಡುದಾರಿಯಲ್ಲಿ ಮುಂದೆ ಹೋಗ್ತಿದ್ದಾನೆ ಅಂತಿಟ್ಕೊಳ್ಳಿ. ಅವನೇ ಈ ಕಾಗದ. ಅವನಾಚೆ ಯಾರಿರ್ತಾರೆ?"

ಡೆಲ್ಬರ್ಟ್ ಚರ್ಚನ್ನು ಕಣ್ಣಮುಂದೆ ತಂದುಕೊಂಡ. ನಡುದಾರಿಯ ಕೊನೆಗೆ ವೇದಿಕೆ, ವೇದಿಕೆಯ ಮೇಲೆ ಗಾಯನವೃಂದ. ಎರಡನೆಯ ಸಾಲಿನಲ್ಲಿ ಎಡದಿಂದ ಮೂರನೆಯವಳು ಆರ್ಫಾ.

"ಈ ಎರಡನೇ ಗುಂಡು ಎಲ್ಲಿಗೆ ಹೋಯ್ತು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಲ್ಲಿ ಹಿಂದೆ ಮಣ್ಣಿನ ದಿಬ್ಬ ಇದೆ, ಸರಿಹೋಯ್ತು." ಅವಳು ಕಾಗದ ಕಿತ್ತು ಸುರುಳಿ ಸುತ್ತಿದಳು. "ಒಂದು ತಿಂಗಳು ಕುರ್ಚಿ ವೆಲ್ಡನ್‌ಗೆ. ನೀವು ದಿನಾ ಅಭ್ಯಾಸ ಮಾಡಿ, ಮತ್ತೆ ಬನ್ನಿ. ನಾನೇ ಹೇಳಿಕೊಡ್ತೀನಿ."

ಆ ಭಾನುವಾರ ಡೆಲ್ಬರ್ಟ್ ನಡುಬೆಂಚಿನಲ್ಲಿ ಕೂತ. ಬೆನ್ನ ಹಿಂದೆ ಏನು ನಡೆಯುತ್ತಿದೆಯೆಂದು ಕಾಣದೆ ಕೂರುವುದು ಅವನಿಗೆ ಮರೆತೇಹೋಗಿತ್ತು. ಮುಂದೆ ಒಂದು ಮಗು ಅವನನ್ನು ದಿಟ್ಟಿಸಿ ನಾಲಿಗೆ ಚಾಚಿತು. ಹಿಂದಿನಿಂದ ವೆಲ್ಡನ್ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುವ ಸದ್ದು, ಬೇಕೆಂದೇ ನಿಧಾನವಾಗಿ, ಇಡೀ ಪ್ರಾರ್ಥನೆಯ ಉದ್ದಕ್ಕೂ ಕೇಳಿಸಿತು. ಹೊರಗೆ ಬಂದ ಮೇಲೆ, "ದಿಂಬು ಮೆತ್ತಗಿದೆ ಕಣೋ ಡೆಲ್," ಎಂದ ವೆಲ್ಡನ್, "ಇಷ್ಟು ವರ್ಷ ನೀನು ಯಾಕೆ ಎದ್ದೇಳ್ತಿರ್ಲಿಲ್ಲ ಅಂತ ಇವತ್ತು ಗೊತ್ತಾಯ್ತು."

ಕಾರಿನಲ್ಲಿ ಡೆಲ್ಬರ್ಟ್ ಗೊಣಗಿದ. ಕೋಟಿನ ಅಸ್ತರಿ ಸರಿಯಿಲ್ಲ, ಒರೆ ಹಳೆಯದು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

"ಹಾಡ್ತಾ ಹಾಡ್ತಾ ರಾಗ," ಎಂದಳು ಆರ್ಫಾ. "ವಾರಕ್ಕೆರಡು ಸಂಜೆ ನಾನು ಯಾಕೆ ಹಾಡೋ ಅಭ್ಯಾಸಕ್ಕೆ ಹೋಗ್ತೀನಿ ಅಂದ್ಕೊಂಡಿದ್ದೀಯ? ಆ ಕೀರ್ತನೆಗಳು ನಂಗೆ ಬರಲ್ಲ ಅಂತಾನಾ? ನಿಂದು ಬರೀ ನರಳ್ತಾ ನರಳ್ತಾ ರೋಗ."

ಸೋಮವಾರದಿಂದ ಸ್ಟ್ರೌಡರ ಮನೆಯಲ್ಲಿ ರಾತ್ರಿಯೂಟಕ್ಕೆ ಮುಂಚಿನ ಹತ್ತು ನಿಮಿಷ ಒಂದು ವ್ರತ ಶುರುವಾಯಿತು. ಮಲಗುವ ಕೋಣೆಯಲ್ಲಿ ಡೆಲ್ಬರ್ಟ್ ಪಿಸ್ತೂಲು ಖಾಲಿ ಮಾಡುತ್ತಿದ್ದ. ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ನೋಡಿ, ಗುಂಡುಗಳನ್ನು ಅಡುಗೆಮನೆಗೆ ಒಯ್ದು ಆರ್ಫಾಳ ಬ್ರೆಡ್ಡಿನ ಪೆಟ್ಟಿಗೆಯ ಪಕ್ಕ ಇಟ್ಟು ಬರುತ್ತಿದ್ದ. ಗುರಿಯೆಂದರೆ ಚಿಮಣಿಯ ಇಟ್ಟಿಗೆ ಗೋಡೆಗೆ ಅಂಟಿಸಿದ ಒಂದು ಕಾಗದದ ತುಂಡು. ಏನಾದರೂ ಎಡವಟ್ಟಾದರೆ ಇಟ್ಟಿಗೆ ತಡೆಯಲಿ ಎಂದು ಹೇಳಿಕೊಟ್ಟವಳು ನೇಡೀನ್. ಮೇಲೆ ಬೂದು ಕೋಟು, ಕೆಳಗೆ ಪಟ್ಟೆಪಟ್ಟೆ ಪಾಯಿಜಾಮ, ಅದರ ಮೇಲೆ ಒರೆ ಕಟ್ಟಿದ ಬೆಲ್ಟು. ಕೈಯಿಂದ ಕೋಟನ್ನು ಹಿಂದಕ್ಕೆ ತಳ್ಳುವುದು, ಹಿಡಿಯುವುದು, ಎತ್ತುವುದು, ಹೆಬ್ಬೆರಳಿಂದ ಕೀಲು ಇಳಿಸುವುದು, ಎಡಗೈ ಜೋಡಿಸುವುದು, ಟಿಕ್.

ಮೊದಲ ವಾರ ಕೋಟೇ ಗೆದ್ದಿತು. ನೇಡೀನ್ ಹೇಳಿದಳೆಂದು ಬಲಜೇಬಿಗೆ ಬೋರ್‌ವೆಲ್ ಕಾಲದ ನಾಲ್ಕು ದಪ್ಪ ನಟ್ಟು ಹಾಕಿಕೊಂಡ. ಭಾರಕ್ಕೆ ಕೋಟು ಬಾಗಿಲಿನಂತೆ ಹಿಂದಕ್ಕೆ ಬೀಸಿ ದಾರಿ ಬಿಡತೊಡಗಿತು. ಎರಡನೆಯ ವಾರಕ್ಕೆ ಹೆಬ್ಬೆರಳಿಗೆ ಕೀಲಿನ ನೆನಪು ತಾನಾಗಿಯೇ ಬಂತು.

ಶನಿವಾರಗಳಂದು ಮೈದಾನದಲ್ಲಿ ನಿಜವಾದ ಗುಂಡು. ಅಲ್ಲಿ ನೇಡೀನ್ ಇನ್ನೊಂದು ಆಟ ಹೂಡಿದಳು. ಪಿಸ್ತೂಲಿನ ಗುಂಡಿನ ಮ್ಯಾಗಜೀನನ್ನು ಅವಳೇ ತುಂಬಿಸಿಕೊಟ್ಟಳು, ನಡುವೆ ಎಲ್ಲೋ ಮದ್ದಿಲ್ಲದ ಒಂದು ಸುಳ್ಳುಗುಂಡು ಸೇರಿಸಿ. ಢಂ, ಢಂ, ಮೂರನೆಯದು ಟಿಕ್ ಎಂದಿತು. ಗುಂಡು ಹಾರದಿದ್ದರೂ ಪಿಸ್ತೂಲಿನ ಮೂತಿ ಮಾತ್ರ ಮುಗ್ಗರಿಸಿದ ಕುದುರೆಯಂತೆ ಕೆಳಗೆ ಕುಕ್ಕಿತು.

"ನೋಡಿದ್ರಾ? ಸದ್ದು ಬರೋಕೆ ಮುಂಚೆನೇ ನೀವು ಹೆದರ್ಕೊಳ್ತೀರಿ."

"ನಾನಾ? ಹೆದರೋದಾ?"

"ನೀವಲ್ಲ, ನಿಮ್ಮ ಮಣಿಕಟ್ಟು. ಅದಕ್ಕೆ ಬುದ್ಧಿ ಹೇಳಿ."

ಮಣಿಕಟ್ಟಿಗೆ ಬುದ್ಧಿ ಹೇಳಲು ಇನ್ನೆರಡು ಶನಿವಾರ ಬೇಕಾಯಿತು. ಡೆಲ್ಬರ್ಟನಿಗೆ ಈಗ ಒಂದು ವಿಚಿತ್ರವಾದ ಅನುಮಾನ ಕಾಡತೊಡಗಿತ್ತು. ಇಷ್ಟು ವರ್ಷ ತಾನು ಆ ಕುರ್ಚಿಯಲ್ಲಿ ಕೂತು ಕಾದದ್ದು ಏನನ್ನು? ಯಾರಾದರೂ ನಿಜವಾಗಿ ಬಂದಿದ್ದರೆ ಕೋಟಿನ ಅಸ್ತರಿ ಹಿಡಿದು ನಿಂತಿರುತ್ತಿದ್ದೆನಲ್ಲ. ಈ ಯೋಚನೆಯನ್ನು ಅವನು ಆರ್ಫಾಳ ಹತ್ತಿರ ಹೇಳಲಿಲ್ಲ. ಹೇಳಿದ್ದರೆ ಅವಳು ಒಪ್ಪಿಬಿಡುತ್ತಿದ್ದಳು.

ಪರೀಕ್ಷೆಗೆ ಎರಡು ದಿನ ಮುಂಚೆ, ಗುರುವಾರ, ಅಭ್ಯಾಸ ಚೆನ್ನಾಗಿಯೇ ನಡೆದಿತ್ತು. ಕೊನೆಯ ಸುತ್ತಿನಲ್ಲಿ ಫೋನು ಬಂತು.

"ಏನಪ್ಪಾ, ಪಾಯಿಜಾಮದ ಸಿಪಾಯಿ," ಎಂದ ವೆಲ್ಡನ್, "ದಿಂಬಿಗೆ ಹೊಸ ಗವಸು ಹೊಲಿಸ್ಲಾ ಅಂತ ಕೇಳೋಣ ಅನ್ನಿಸ್ತು. ಇನ್ನು ನಾನೇ ತಾನೇ ಕೂರೋದು?"

"ಶನಿವಾರ ಬಾ, ದಿಂಬಿನ ಜೊತೆ ನಿನ್ನನ್ನೂ ಹೊಲಿಸ್ತೀನಿ."

ಫೋನಿಟ್ಟ ಡೆಲ್ಬರ್ಟ್ ಅಡುಗೆಮನೆಗೆ ಹೋದ. ಅಭ್ಯಾಸ ಮುಗಿಯಿತಲ್ಲ ಎಂದು ಎಂದಿನಂತೆ ಗುಂಡು ತುಂಬಿ, ಪಿಸ್ತೂಲನ್ನು ಒರೆಗೆ ಸೇರಿಸಿದ. ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿಡಲೆಂದು ಕೋಣೆಗೆ ವಾಪಸು ಬಂದ. ವೆಲ್ಡನ್‌ನ ಮಾತು ಇನ್ನೂ ಕಿವಿಯಲ್ಲೇ ಇತ್ತು. ಫೋನು ಬರುವ ಮುಂಚಿನ ಕೊನೆಯ ಎಳೆತದಲ್ಲಿ ಕೋಟು ಸ್ವಲ್ಪ ಸಿಕ್ಕಿಕೊಂಡಿತ್ತೆಂದು ನೆನಪಾಯಿತು. ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡೋಣ, ಒಂದೇ ಒಂದು ಸಲ, ಎಂದು ಚಿಮಣಿಗೆ ಬೆನ್ನು ಮಾಡಿ, ಬಟ್ಟೆಯ ಬೀರುವಿನ ಬಾಗಿಲಿಗಿದ್ದ ನಿಲುಗನ್ನಡಿಯ ಎದುರು ನಿಂತ.

ಕೋಟು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬೀಸಿ ಸರಿಯಿತು. ಕೈ ಹಿಡಿಯಿತು, ಹೆಬ್ಬೆರಳು ಕೀಲು ಇಳಿಸಿತು, ಎಡಗೈ ಬಂದು ಕೂಡಿತು, ಮಣಿಕಟ್ಟು ಮಿಸುಕಲಿಲ್ಲ. ಕನ್ನಡಿಯೊಳಗಿನ ಮುದುಕನ ಎದೆಯ ನಟ್ಟನಡುವೆ, ಇಡೀ ತಿಂಗಳಲ್ಲೇ ಅತ್ಯುತ್ತಮವಾದ ಗುಂಡು ಹೋಗಿ ಕೂತಿತು.

ಮುಚ್ಚಿದ ಕೋಣೆಯಲ್ಲಿ ಆ ಸದ್ದು ಎಂಥದೆಂದು ಕೇಳದವರಿಗೆ ಹೇಳಿ ಪ್ರಯೋಜನವಿಲ್ಲ. ಕನ್ನಡಿ ಕೆಲವು ಕ್ಷಣ ಹಾಗೆಯೇ ನಿಂತಿದ್ದು, ಆಮೇಲೆ ಯೋಚಿಸಿ ತೀರ್ಮಾನಕ್ಕೆ ಬಂದಂತೆ ಕೆಳಗೆ ಸುರಿಯಿತು. ಡೆಲ್ಬರ್ಟ್ ಪಿಸ್ತೂಲಿನ ಗುಂಡುಗಳನ್ನೆಲ್ಲ ತೆಗೆದು ಮಂಚದ ಮೇಲಿಟ್ಟ. ಬಾಗಿಲಲ್ಲಿ ಆರ್ಫಾ ನಿಂತಿದ್ದಳು, ಕೈಯಲ್ಲಿ ಸೌಟು.

"ಎಲ್ಲಾದ್ರೂ ತಾಗಿತಾ ನಿಂಗೆ?"

"ಇಲ್ಲ. ನಿಂಗೆ?"

"ನಾನು ಅಡುಗೆಮನೇಲಿದ್ದೆ."

ಅವಳು ಗಾಜಿನ ಚೂರು ದಾಟಿ ಬಂದು ಬೀರು ತೆಗೆದಳು. ಗುಂಡು ಬಾಗಿಲು ತೂರಿ, ಭಾನುವಾರಕ್ಕೆಂದು ಇಸ್ತ್ರಿ ಮಾಡಿ ನೇತುಹಾಕಿದ್ದ ಅವಳ ಹಾಡುಗಾರಿಕೆಯ ಕಡುಗೆಂಪು ನಿಲುವಂಗಿಯನ್ನು ಹಾಯ್ದು, ಹಿಂದೆ ಪೇರಿಸಿದ್ದ ಚಳಿಗಾಲದ ರಜಾಯಿಗಳಲ್ಲಿ ಹೂತುಹೋಗಿತ್ತು. ಮಡಿಕೆಯಾಗಿ ನೇತಾಡುತ್ತಿದ್ದ ಬಟ್ಟೆಯಾದ್ದರಿಂದ ತೂತು ಒಂದಲ್ಲ, ಹಲವು. ಆರ್ಫಾ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಅಲ್ಲೇ ನೇತುಹಾಕಿದಳು.

"ಊಟ ಆರ್ತಿದೆ," ಎಂದಳು.

ಶನಿವಾರ ಡೆಲ್ಬರ್ಟ್ ಪಾಸಾದ. ಪಾಸಾದ ಎಂದರೆ ಸಾಲದು. ಕೋಟಿನೊಳಗಿಂದ ಪಿಸ್ತೂಲು ಬೆಣ್ಣೆಯಿಂದ ಕೂದಲು ಎಳೆದಂತೆ ಬಂತು, ಎರಡು ಗುಂಡೂ ಒಂದು ಅಂಗೈಯ ಅಗಲದೊಳಗೆ ಬಿದ್ದವು. ನೇಡೀನ್ ಕಾಗದ ನೋಡಿ ಸಿಳ್ಳೆ ಹೊಡೆದಳು.

"ನಾಳೆಯಿಂದ ಕುರ್ಚಿ ನಿಮ್ದು ಬ್ರದರ್ ಡೆಲ್ಬರ್ಟ್. ಮನೇಲಿ ಅಭ್ಯಾಸ ಹೇಗೆ ನಡೀತು? ತೊಂದ್ರೆ ಏನೂ ಆಗ್ಲಿಲ್ವಲ್ಲ?"

"ಚೆನ್ನಾಗೇ ನಡೀತು," ಎಂದ ಡೆಲ್ಬರ್ಟ್, ಒರೆಯ ಗುಂಡಿ ನೋಡುತ್ತ.

ಆ ಸಂಜೆ ಹೊಲಿಗೆಯ ಡಬ್ಬಿಯನ್ನು ತಾನೇ ತಂದು ಆರ್ಫಾಳ ಪಕ್ಕದಲ್ಲಿಟ್ಟ. "ಆ ಅಂಗಿಗೆ ಎರಡು ಹೊಲಿಗೆ ಹಾಕಲ್ವಾ?"

"ಆ ಬಣ್ಣದ ದಾರ ಇಲ್ಲ."

ಡಬ್ಬಿಯ ಮೇಲೆಯೇ ಕಡುಗೆಂಪು ದಾರದ ಉಂಡೆ ಇತ್ತು. ಇಬ್ಬರೂ ಅದನ್ನು ನೋಡಿದರು.

ಭಾನುವಾರ ಡೆಲ್ಬರ್ಟ್ ತನ್ನ ಕುರ್ಚಿಯಲ್ಲಿ ಕೂತ. ವೆಲ್ಡನ್ ದೊಡ್ಡ ಮನಸ್ಸು ಮಾಡಿ ದಿಂಬು ಕೊಡವಿ ಕೊಟ್ಟಿದ್ದ. ಬಾಗಿಲು, ಅಂಗಳ, ಹಿಂದಲೆಗಳು, ಎಲ್ಲವೂ ಮತ್ತೆ ಅವನ ಸುಪರ್ದಿಗೆ ಬಂದವು. ಪಿಯಾನೋ ಶುರುವಾಯಿತು, ಗಾಯನವೃಂದ ಎದ್ದು ನಿಂತಿತು. ಆರ್ಫಾ ನಿಲುವಂಗಿಯೊಳಗೆ ಬಿಳಿಯ ರವಿಕೆ ತೊಟ್ಟಿದ್ದಳು. ಕಡುಗೆಂಪು ಬಟ್ಟೆಯಲ್ಲಿ ತೂತುಗಳು ಬೆಳ್ಳಗೆ ಕಾಣುತ್ತಿದ್ದವು: ತೋಳಿನಲ್ಲಿ ಒಂದು, ಪಕ್ಕೆಯಲ್ಲಿ ಒಂದು, ಎದೆಯ ಬಳಿ ಎರಡು. ಪಕ್ಕದಲ್ಲಿದ್ದವಳು ಒಮ್ಮೆ ನೋಡಿ, ಹುಳ ತಿಂದಿರಬೇಕೆಂದುಕೊಂಡೋ ಏನೋ, ಪುಸ್ತಕದ ಕಡೆ ತಿರುಗಿದಳು. ಆರ್ಫಾ ಯಾರನ್ನೂ ನೋಡಲಿಲ್ಲ. ಬಾಯಿ ತುಂಬ ಹಾಡುತ್ತಿದ್ದಳು.

ಹಾಡು ಮುಗಿದಾಗ ಡೆಲ್ಬರ್ಟ್ ಬೆಂಚಿನ ಕೊನೆಯಲ್ಲಿದ್ದ ವೆಲ್ಡನ್‌ನ ಭುಜ ತಟ್ಟಿ, ಕುರ್ಚಿಯ ಕಡೆ ಕೈ ತೋರಿಸಿ, ಹೊರಗೆ ನಡೆದ. ನೇಡೀನ್ ಅಂಗಳದಲ್ಲಿ ತನ್ನ ಪಿಕಪ್ ವಾಹನದ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದಳು.

"ಯಾಕೆ, ಒಳಗೆ ಏನಾಯ್ತು?" ಎಂದಳು, ಲೋಟ ಕೆಳಗಿಡುತ್ತ.

"ಒಳಗೆ ಏನಿಲ್ಲ. ನಿನ್ನೆ ನೀನು ಕೇಳ್ದಾಗ ಸುಳ್ಳು ಹೇಳ್ದೆ. ಗುರುವಾರ ಮನೇಲಿ ಗುಂಡು ಹಾರಿಸ್ಬಿಟ್ಟೆ. ತುಂಬಿದ ಮೇಲೆ, ಇನ್ನೊಂದ್ ಸಲ ಅಂತ ತೆಗೆದೆ."

"ಯಾರಿಗಾದ್ರೂ..."

"ಇಲ್ಲ. ಆರ್ಫಾ ಅಂಗಿಗೆ. ಅಂಗಿ ಬೀರುವಿನಲ್ಲಿತ್ತು."

ನೇಡೀನ್ ಚರ್ಚಿನ ಗೋಡೆಯ ಕಡೆ ನೋಡಿದಳು. ಒಳಗಿನಿಂದ ಪಾದ್ರಿಯ ದನಿ ಗೋಡೆ ದಾಟಿ ಗುಂಯ್‌ಗುಡುತ್ತಿತ್ತು.

"ಮುಗಿಸಿದಾಗ 'ಮುಗೀತು' ಅಂತ ಬಾಯಿಬಿಟ್ಟು ಹೇಳಿದ್ರಾ?"

"ಯಾರಿಗೆ ಹೇಳ್ಲಿ, ಗೋಡೆಗಾ?"

"ಹೌದು, ಗೋಡೆಗೆ. ಜೋರಾಗಿ. ಆಮೇಲೆ ಬೆಳಗಾಗೋ ತನಕ ಒರೆ ಮುಟ್ಟೋಹಾಗಿಲ್ಲ. ನಾನು ನಿಮಗೆ ಅದನ್ನ ಹೇಳಿಕೊಡ್ಲಿಲ್ಲ, ಅದು ನನ್ನ ತಪ್ಪು. ಕನ್ನಡಿ ಎದುರು ನಿಂತದ್ದು, ನಿನ್ನೆ ಸುಳ್ಳು ಹೇಳಿದ್ದು ನಿಮ್ದು."

"ಕನ್ನಡಿ ವಿಷ್ಯ ನಾನು ಹೇಳ್ಲೇ ಇಲ್ವಲ್ಲ?"

"ಬೀರು ಅಂದ್ರಲ್ಲ. ಕೋಟು ನೋಡ್ಕೊಳ್ಳೋಕೆ ಎಲ್ಲರೂ ಕನ್ನಡಿ ಮುಂದೇನೇ ಹೋಗೋದು. ಜೈಲಲ್ಲಿ ನಮ್ಮ ಸಾರ್ಜೆಂಟು ಒಬ್ಬ ಬಚ್ಚಲಿನ ಕನ್ನಡೀಗೆ ಹೊಡೆದಿದ್ದ." ಅವಳು ಲೋಟ ಎತ್ತಿಕೊಂಡು ತಣ್ಣಗಾದ ಕಾಫಿಯನ್ನು ನೆಲಕ್ಕೆ ಚೆಲ್ಲಿದಳು. "ಪಿಸ್ತೂಲು ಗಾಡಿಯಲ್ಲಿಟ್ಟು ಬೀಗ ಹಾಕಿ. ಡಿಸೆಂಬರ್ ಪರೀಕ್ಷೆ ತನಕ ನೀವು ಇಲ್ಲಿ ಕಾರುಗಳಿಗೆ ಜಾಗ ತೋರಿಸೋ ಕೆಲಸ ಮಾಡಿ, ಬರಿಗೈಯಲ್ಲಿ. ದಿನದ ಅಭ್ಯಾಸ ಬಿಡೋಹಾಗಿಲ್ಲ. ಬಿಟ್ರೆ ಡಿಸೆಂಬರಿಗೂ ಬರಬೇಡಿ."

"ವೆಲ್ಡನ್‌ಗೆ ಏನಂತ ಹೇಳ್ತೀಯ?"

"ಇದ್ದದ್ದನ್ನೇ."

"ಅವನು ಸಾಯೋ ತನಕ ಬಿಡಲ್ಲಮ್ಮಾ."

"ಬಿಡದೇ ಇರ್ಲಿ ಬಿಡಿ. ಅವನೂ ದಿನಾ ಅಭ್ಯಾಸ ಮಾಡ್ಬೇಕಲ್ಲ, ಅವನ ಮನೇಲೂ ಕನ್ನಡಿ ಇದೆ."

ಡೆಲ್ಬರ್ಟ್ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಎರಡು ತಿಂಗಳು ಕಾರುಗಳಿಗೆ ಜಾಗ ತೋರಿಸಿದ. ಆರ್ಫಾ ಮಾರನೆಯ ಸಂಜೆಯೇ ಅಂಗಿ ಹೊಲಿದಳು. ಡಿಸೆಂಬರಿನ ಪರೀಕ್ಷೆಯಲ್ಲಿ ಅವನು ಪಾಸಾದ, ವೆಲ್ಡನ್ ನಪಾಸಾದ. ಕುರ್ಚಿ ಡೆಲ್ಬರ್ಟನಿಗೆ ಹೋಯಿತು.